ನಾಯಿಗಳಿಗಾಗಿ ವಿದೇಶಕ್ಕೆ: ಹೊರಡುವ ಪಶುವೈದ್ಯರಿಗೆ

ಪಶುವೈದ್ಯಕೀಯ ಮುಗಿಸಿದ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಹೊರದೇಶಕ್ಕೆ ಹೋಗಿ ನಾಯಿಗಳಿಗಾಗಿ ಸ್ವಯಂಸೇವೆ ಮಾಡುವುದು ಹೇಗೆ? ಹೆಚ್ಚಿನವರ ಮನಸ್ಸಿನಲ್ಲಿರುವುದು ಶಸ್ತ್ರಚಿಕಿತ್ಸೆ. ನಾನು ಮಾತು ಆರಂಭಿಸುವುದು ರೇಬೀಸ್ ಲಸಿಕೆಯಿಂದ.

ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿ 2015ರಲ್ಲಿ ಮಿಷನ್ ರೇಬೀಸ್ ಸಂಸ್ಥೆ ಕೇವಲ 20 ಕೆಲಸದ ದಿನಗಳಲ್ಲಿ 35 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಿತು. ಅಲ್ಲಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಮಕ್ಕಳು ರೇಬೀಸಿನಿಂದ ಸಾಯುತ್ತಿದ್ದರು. ನಾನು ಸೇರಿಕೊಂಡದ್ದು ನಂತರ ನಡೆದ ಅಭಿಯಾನವೊಂದಕ್ಕೆ. ವಾರದ ಕೊನೆಯಲ್ಲಿ ಶಾಲೆಯ ಅಂಗಳದಲ್ಲಿ ಲಸಿಕಾ ಕೇಂದ್ರ. ನಾಯಿಗಳನ್ನು ಕರೆತರುವವರು ಬಹುಪಾಲು ಮಕ್ಕಳೇ. ಹಗ್ಗ ಸಿಕ್ಕದಿದ್ದರೆ ಹರಿದ ಬಟ್ಟೆ, ಹಳೆಯ ವಿದ್ಯುತ್ ತಂತಿ, ಏನಾದರೂ ಸರಿ. ಅಂಥ ಸಾಲಿನಲ್ಲಿ ನಿಂತ ನಾಯಿ ಹೆದರಿರುತ್ತದೆ, ಹಿಂದಿನಿಂದ ಇನ್ನೊಂದು ಗುರುಗುಟ್ಟುತ್ತಿರುತ್ತದೆ. ಮೊದಲು ಮಗುವನ್ನು ನಾಯಿಯ ಮೂತಿಯಿಂದ ಪಕ್ಕಕ್ಕೆ ಸರಿಸಬೇಕು, ಆಮೇಲೆ ಕತ್ತಿನ ಸಡಿಲ ಚರ್ಮವನ್ನು ಎತ್ತಿ 1 ಮಿಲಿ ಲಸಿಕೆ. ಕೆಲವೇ ಸೆಕೆಂಡುಗಳ ಕೆಲಸ. ಇದನ್ನು ಬೆಳಗಿನಿಂದ ಸಂಜೆಯವರೆಗೆ, ಕೊನೆಯ ನಾಯಿಗೂ ಮೊದಲಿನದಕ್ಕೆ ತೋರಿದಷ್ಟೇ ತಾಳ್ಮೆಯಿಂದ ಮಾಡುವುದೇ ಕಷ್ಟ.

ನೂರರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ತುಂಡಾಗುತ್ತದೆ. ಕೇಂದ್ರಕ್ಕೆ ತಾವಾಗಿ ಬರುವ ನಾಯಿಗಳಿಂದಲೇ ಆ ಮಟ್ಟ ಮುಟ್ಟಲಾಗದು. ಯಾರೂ ಮುಟ್ಟಲು ಹೆದರುವ ಕಾವಲು ನಾಯಿ, ಹಿತ್ತಲಲ್ಲಿ ಮರಿ ಹಾಕಿಕೊಂಡು ಮಲಗಿರುವ ತಾಯಿ, ಮೂರು ತಿಂಗಳು ತುಂಬದ ಮರಿಗಳು ಮನೆಯಲ್ಲೇ ಉಳಿಯುತ್ತವೆ. ಅದಕ್ಕಾಗಿಯೇ ವಾರದ ಉಳಿದ ದಿನಗಳಲ್ಲಿ ಮನೆಮನೆಗೆ ನಡೆಯುವುದು. ಮರಿಗಳನ್ನು ಚಿಕ್ಕವೆಂದು ಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಸಾಮೂಹಿಕ ಲಸಿಕಾ ಅಭಿಯಾನದಲ್ಲಿ ಅವುಗಳಿಗೂ ಹಾಕಲೇಬೇಕು.

ಬ್ಲಾಂಟೈರ್‌ನ ನಾಯಿಗಳಲ್ಲಿ ಹೆಚ್ಚಿನವಕ್ಕೆ ಒಡೆಯರಿದ್ದಾರೆ, ಕಟ್ಟಿಹಾಕುವುದಿಲ್ಲ ಅಷ್ಟೆ. ನಮ್ಮ ಬೀದಿನಾಯಿಗಳ ಕಥೆ ಬೇರೆ, ಇಲ್ಲಿ ಬಲೆ ಬೇಕು, ಅದನ್ನು ಬೀಸುವ ನುರಿತ ಕೈ ಬೇಕು. ಇದೇ ಸಂಸ್ಥೆ ಸರ್ಕಾರದ ಜೊತೆ ಸೇರಿ ದುಡಿದ ಗೋವಾ, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಆದ್ದರಿಂದ ನನ್ನ ಸಲಹೆ: ಮೊದಲು ನಿಮ್ಮ ಊರಿನ ಸಂತಾನಹರಣ ಕೇಂದ್ರದಲ್ಲೋ ಲಸಿಕಾ ತಂಡದಲ್ಲೋ ಕೆಲಸ ಮಾಡಿ. ಕಾಲೇಜಿನಲ್ಲಿ ನಾವು ಹೆಚ್ಚು ಮುಟ್ಟಿದ್ದು ಹಸು ಎಮ್ಮೆಗಳನ್ನು. ನಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಬೇಕಾದವರಿಗೆ ಊಟಿಯ ಬಳಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಎಂಬ ಸಂಸ್ಥೆಯ ತರಬೇತಿ ಕೇಂದ್ರವಿದೆ, ಮೈಸೂರಿನಿಂದ ಕೆಲವೇ ಗಂಟೆಗಳ ಹಾದಿ.

ಹೊರದೇಶಕ್ಕೆ ಬಂದು ಹತ್ತಾರು ಹೆಣ್ಣುನಾಯಿಗಳ ಹೊಟ್ಟೆ ತೆರೆದು, ಹೊಲಿಗೆ ಒಣಗುವ ಮುನ್ನವೇ ವಿಮಾನ ಹತ್ತುವವರ ಬಗ್ಗೆ ನನಗೆ ಸಿಟ್ಟಿದೆ. ಗಾಯ ಬಿಚ್ಚಿಕೊಂಡರೆ ನೋಡುವವರು ಯಾರು? ಸ್ಥಳೀಯ ವೈದ್ಯರು ಹೊಣೆ ಹೊರುವುದಾದರೆ ಮಾತ್ರ ಚಾಕು ಹಿಡಿಯಿರಿ. ಆ ದೇಶದ ಅನುಮತಿಯನ್ನೂ ಮೊದಲೇ ಪಡೆಯಿರಿ, ನಮ್ಮ ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಅಲ್ಲಿ ತಾನಾಗಿ ನಡೆಯುವುದಿಲ್ಲ. ಇಂಥ ಅಭಿಯಾನಗಳಿಗೆ ವಿಮಾನದ ಖರ್ಚು ಸಾಮಾನ್ಯವಾಗಿ ನಿಮ್ಮದೇ.

ಟಿಕೆಟ್‌ಗಿಂತ ಮೊದಲು ನಿಮ್ಮ ಲಸಿಕೆ. ಕಚ್ಚುವ ಮುಂಚೆ ತೆಗೆದುಕೊಳ್ಳುವ ರೇಬೀಸ್ ಲಸಿಕೆಯನ್ನು ಆರಂಭದ ದಿನ ಮತ್ತು ಅದಾಗಿ 7 ದಿನಕ್ಕೆ ಹಾಕಿಸಿಕೊಂಡರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳುತ್ತಿದೆ. ಅಷ್ಟಾಗಿಯೂ ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಂದೇ ಒಂದು, ಅದಾಗಿ 3 ದಿನಕ್ಕೆ ಇನ್ನೊಂದು ಲಸಿಕೆ ಚುಚ್ಚುಮದ್ದು ತೆಗೆದುಕೊಳ್ಳಿ. ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಬೇಕಾಗುವುದಿಲ್ಲ. ಅದು ಸುಲಭವಾಗಿ ಸಿಗದ ಊರುಗಳಲ್ಲೇ ನೀವು ಕೆಲಸ ಮಾಡುವುದು.