ಅಂಗಡಿಯ ಮುಖ ಎಷ್ಟು ಅಡಿ?

ಹಲವು ವರ್ಷಗಳ ಹಿಂದೆ, ಬೆಳಗಿನ ಆರು ಗಂಟೆಗೆ, ಮುಂಬೈಯ ಮಾಟುಂಗಾದ ಒಂದು ಹೂವಿನ ಅಂಗಡಿಯನ್ನು ಅಳೆಯಲು ಹೋಗಿದ್ದೆ. ಹಳೆಯ ಕಟ್ಟಡವನ್ನು ಕೆಡವುವ ಮೊದಲು ಪ್ರತಿಯೊಬ್ಬ ಬಾಡಿಗೆದಾರರ ಜಾಗವನ್ನೂ ಅಳೆದು ಪಟ್ಟಿ ಮಾಡುವುದು ನನ್ನಂಥ ವಾಸ್ತುಶಿಲ್ಪಿಗಳ ಮೊದಲ ಕೆಲಸ. ಅಂಗಡಿ ಏಳು ಅಡಿ ಅಗಲ, ಹತ್ತು ಅಡಿ ಆಳ. ಎಪ್ಪತ್ತು ಚದರ ಅಡಿ ಎಂದು ಬರೆದುಕೊಂಡೆ. ಕುಂದಾಪುರದ ಕಡೆಯವರಾದ ಅಂಗಡಿಯವರು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದರು. ಬೆರಳ ತುದಿಯಿಂದ ಮೊಣಕೈವರೆಗೆ ಎಳೆದು, ಕತ್ತರಿಸಿ, ಎಲೆಯಲ್ಲಿ ಸುತ್ತಿ, ಕುಳಿತಲ್ಲಿಂದಲೇ ಕೈ ಚಾಚಿ ಕೊಡುತ್ತಿದ್ದರು. ಬಲಕ್ಕೆ ಬಾಳೆಲೆಯ ಕಟ್ಟು, ಎಡಕ್ಕೆ ತುಳಸಿ, ನಡುವೆ ಅವರು. ಬೋಣಿಯ ಹೊತ್ತು, ಗಿರಾಕಿಗಳು ಒಬ್ಬರ ಪಕ್ಕ ಒಬ್ಬರು ನಾಲ್ವರು ನಿಂತಿದ್ದರು. "ಒಳಗಿನ ಜಾಗ ಬುಟ್ಟಿ ಇಡಲಿಕ್ಕೆ ಮಾತ್ರ. ವ್ಯಾಪಾರವೆಲ್ಲ ಈ ಏಳು ಅಡಿಯಲ್ಲಿಯೇ" ಎಂದರು. ಅದನ್ನು ಬರೆದುಕೊಳ್ಳಲು ನನ್ನ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಮುಂಬೈಯ ಪುನರ್ನಿರ್ಮಾಣ ಪದ್ಧತಿಯ ದೊಡ್ಡ ಕೊರತೆ ಇದೇ ಎಂಬುದು ಈಗ ನನಗೆ ಖಚಿತವಾಗಿದೆ. ಅದು ಅಂಗಡಿಯ ವಿಸ್ತೀರ್ಣವನ್ನು ಕಾಯುತ್ತದೆ, ಮುಖವನ್ನು, ಅಂದರೆ ಬೀದಿಗೆ ತೆರೆದ ಅಗಲವನ್ನು, ಕಾಯುವುದಿಲ್ಲ.

ಈ ಬೀದಿಗಳು ತಾವಾಗಿಯೇ ಹುಟ್ಟಿದವಲ್ಲ. 1896ರಲ್ಲಿ ಪ್ಲೇಗ್ ಬಂದು ಊರಿನ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತಾಗ, 1898ರಲ್ಲಿ ಬಾಂಬೆ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಉತ್ತರದಲ್ಲಿ ಖಾಲಿ ಇದ್ದ ದಾದರ್ ಮತ್ತು ಮಾಟುಂಗಾದ ನೆಲವನ್ನು ಟ್ರಸ್ಟ್ ವಶಕ್ಕೆ ತೆಗೆದುಕೊಂಡು ಮೊದಲು ರಸ್ತೆ, ಉದ್ಯಾನ, ಚರಂಡಿ ಹಾಕಿತು. ಆಮೇಲೆ ನಿವೇಶನ ಹಂಚಿತು. ಗಾಳಿ ಬೆಳಕು ಬರುವಷ್ಟು ಅಂತರ ಬಿಟ್ಟು ಮೂರು ನಾಲ್ಕು ಅಂತಸ್ತಿನ ಮನೆಗಳು, ಮುಖ್ಯ ಬೀದಿಗಳಲ್ಲಿ ನೆಲಮಟ್ಟದಲ್ಲಿ ಅಂಗಡಿ ಸಾಲು. 1933ರಲ್ಲಿ ಟ್ರಸ್ಟ್ ನಗರಪಾಲಿಕೆಯಲ್ಲಿ ಲೀನವಾಗುವ ಹೊತ್ತಿಗೆ ಬಡಾವಣೆ ತುಂಬುತ್ತಿತ್ತು. ರೈಲ್ವೆ ಮತ್ತು ಕಚೇರಿಗಳ ಕೆಲಸಕ್ಕೆ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು. ನಮ್ಮವರ ಮೈಸೂರು ಅಸೋಸಿಯೇಷನ್ 1926ರಲ್ಲೇ ಹುಟ್ಟಿತ್ತು. 1939ರಲ್ಲಿ ರಾಮ್ ಆಶ್ರಯ, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಬಂದವು. ಹೋಟೆಲು ಬಂದಲ್ಲಿ ಬಾಳೆಲೆ, ಕಾಫಿಪುಡಿ, ಕರಿಬೇವು, ಮಂಗಳೂರು ಸೌತೆ ಮಾರುವವರೂ ಬಂದರು. ಒಂದು ವ್ಯಾಪಾರದ ನೆರಳಿನಲ್ಲಿ ಇನ್ನೊಂದು ಬೆಳೆಯಿತು.

ಆಮೇಲೆ ಬಂದದ್ದು ಬಾಡಿಗೆ ಕಾನೂನು. 1947ರ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಮಟ್ಟಕ್ಕೆ ಕಟ್ಟಿಹಾಕಿತು. ಸಣ್ಣ ಅಂಗಡಿಗಳು ಮೂರು ತಲೆಮಾರು ಉಳಿದದ್ದು ಆ ಕಾನೂನಿನಿಂದ; ಕಟ್ಟಡಗಳು ಸೋರಿ ಶಿಥಿಲವಾದದ್ದಕ್ಕೂ ಅದು ಕಾರಣ. ಬರುವ ಬಾಡಿಗೆಯಲ್ಲಿ ಮಾಲೀಕನಿಗೆ ಸುಣ್ಣ ಬಳಿಸಲೂ ಆಗುತ್ತಿರಲಿಲ್ಲ. 1969ರಿಂದ ಸರ್ಕಾರವೇ ಸೆಸ್ ಎಂಬ ದುರಸ್ತಿ ತೆರಿಗೆ ವಸೂಲು ಮಾಡಿ ದುರಸ್ತಿಗೆ ಇಳಿಯಿತು. ತೊಲೆಗೆ ಊರುಗೋಲು ಕೊಟ್ಟು ಎಷ್ಟು ದಿನ ನಿಲ್ಲಿಸಲು ಸಾಧ್ಯ? ಕೊನೆಗೆ ಉಳಿದ ದಾರಿ ಕೆಡವಿ ಕಟ್ಟುವುದು. ಮುಂಬೈಯ ಕಟ್ಟಡ ನಿಯಮಾವಳಿಯಲ್ಲಿ ನಾವೆಲ್ಲ ದಿನಕ್ಕೆ ಹತ್ತು ಸಲ ಉಚ್ಚರಿಸುವ 33(7) ನಿಯಮದಡಿ, ನೂರಕ್ಕೆ 51ರಷ್ಟು ಬಾಡಿಗೆದಾರರು ಒಪ್ಪಿದರೆ ಹೊಸ ಕಟ್ಟಡ ಏಳುತ್ತದೆ. ಹಳೆಯ ಮನೆಗೆ ಕನಿಷ್ಠ 300 ಚದರ ಅಡಿ. ಅಂಗಡಿಗೆ ಇದ್ದಷ್ಟೇ ವಿಸ್ತೀರ್ಣ.

ಇದ್ದಷ್ಟೇ ವಿಸ್ತೀರ್ಣ! ಕಾಗದದಲ್ಲಿ ಇದಕ್ಕಿಂತ ನ್ಯಾಯವಾದದ್ದು ಇನ್ನೇನು ಎನಿಸುತ್ತದೆ. ನಕ್ಷೆಯ ಮುಂದೆ ಕುಳಿತಾಗ ಬೇರೆಯದೇ ಕಾಣುತ್ತದೆ. ರಸ್ತೆಯ ಕಡೆ 20 ಮೀಟರ್ ಇರುವ ನಿವೇಶನ ಎಂದುಕೊಳ್ಳಿ. ಹಳೆಯ ಕಟ್ಟಡದಲ್ಲಿ ಮೆಟ್ಟಿಲಿನ ಬಾಗಿಲೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಂಗಡಿ. ಹೊಸದು ಬಹುಮಹಡಿ ಗೋಪುರ. ಅಗ್ನಿಶಾಮಕ ವಾಹನ ಒಳಬರಲು 6 ಮೀಟರ್ ಬೇಕು. ಕಾರುಗಳು ಹೊರಹೋಗಲು ಇನ್ನೊಂದು ಗೇಟು ಇಟ್ಟರೆ ಮತ್ತೆ ಅಷ್ಟೇ. ವಿದ್ಯುತ್ ಮೀಟರಿನ ಕೋಣೆ, ಹೊಸ ನಿವಾಸಿಗಳ ಲಾಬಿ ಕೂಡ ರಸ್ತೆಯ ಕಡೆಗೇ ಬೇಕು. ಅಂಗಡಿಗಳಿಗೆ ಉಳಿಯುವುದು ಐದಾರು ಮೀಟರ್. ಅಷ್ಟರಲ್ಲಿ ಹಳೆಯ ಎಲ್ಲ ಅಂಗಡಿಗಳನ್ನೂ ಕೂರಿಸಬೇಕೆಂದರೆ ಅವುಗಳನ್ನು ಕಿರಿದಾಗಿಸಿ ಹಿಂದಕ್ಕೆ ಎಳೆಯಬೇಕು, ಇಲ್ಲವೇ ಮೇಲಕ್ಕೆ ಕಳಿಸಬೇಕು.

ಆ ಹೂವಿನ ಅಂಗಡಿಗೆ ಆದದ್ದೂ ಅದೇ. ನಕ್ಷೆ ಬರೆದವನು ನಾನೇ. ಐದು ಅಡಿ ಅಗಲ, ಹದಿನಾಲ್ಕು ಅಡಿ ಆಳ. ಅಲ್ಲಿಗೂ ಎಪ್ಪತ್ತು ಚದರ ಅಡಿ. ಕಟ್ಟಡ ಮುಗಿದ ಮೇಲೆ ಹೋಗಿ ನೋಡಿದೆ. ಮೊಳ ಹಾಕುವಾಗ ಮೊಣಕೈ ಗೋಡೆಗೆ ತಾಗುತ್ತಿದ್ದುದರಿಂದ ಅವರು ಓರೆಯಾಗಿ ಕುಳಿತಿದ್ದರು. ಬಾಳೆಲೆ ಮಾರುವುದನ್ನು ಬಿಟ್ಟಿದ್ದರು. ಇನ್ನೂ ಒಂದು ತಪ್ಪಾಗಿತ್ತು. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಸುತ್ತ ನೀರು ನಿಲ್ಲುವುದು ಮುಂಬೈಯವರಿಗೆಲ್ಲ ಗೊತ್ತು. ಹಾಗಾಗಿ ಅಡಿಪಾಯವನ್ನು ಎತ್ತರಿಸಿದ್ದೆವು. ನೀರು ಒಳಗೆ ಬರಲಿಲ್ಲ, ನಿಜ. ಆದರೆ ನಾಲ್ಕು ಮೆಟ್ಟಿಲು ಹತ್ತಿ ಒಂದು ಮೊಳ ಹೂವು ಕೊಳ್ಳುವವರು ಯಾರು? ಕೈಗೆಟಕುವ ಎತ್ತರದಲ್ಲಿದ್ದ ಹಲಗೆ ಕಣ್ಣೆತ್ತರಕ್ಕೆ ಏರಿತ್ತು. ಅವರು ನನ್ನನ್ನು ಬೈಯಲಿಲ್ಲ, ಕಾಫಿ ತರಿಸಿದರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಮಹಡಿಯ ಮೇಲೂ ವ್ಯಾಪಾರ ನಡೆಯುತ್ತದಲ್ಲ ಎಂದು ಬಿಲ್ಡರುಗಳು ವಾದಿಸುತ್ತಾರೆ. ನಡೆಯುತ್ತದೆ. ರಾಮ ನಾಯಕರ ಬೋರ್ಡಿಂಗ್ ಇರುವುದು ನಿಲ್ದಾಣದ ಎದುರಿನ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿಯೇ; ಊಟಕ್ಕೆ ಜನ ಸಾಲುಗಟ್ಟುತ್ತಾರೆ. ಊಟಕ್ಕೆಂದೇ ಮನೆಯಿಂದ ಹೊರಟವರು ಮೆಟ್ಟಿಲು ಹತ್ತುತ್ತಾರೆ. ದಾರಿಯಲ್ಲಿ ಕಣ್ಣಿಗೆ ಬಿದ್ದು ಕೊಳ್ಳುವ ಹೂವು, ವೀಳ್ಯದೆಲೆ, ಬಟನ್ನು, ಬಾಗಿಲ ತೋರಣಕ್ಕೆ ಆ ಭಾಗ್ಯವಿಲ್ಲ. ಯಾವ ವ್ಯಾಪಾರ ಮೇಲೆ ಹೋಗಬಹುದು, ಯಾವುದು ಕೆಳಗೇ ಇರಬೇಕು ಎಂಬುದನ್ನು ಅಂಗಡಿಯವರನ್ನು ಕೇಳಿ ವಿಂಗಡಿಸಬೇಕು. ಕೇಳಿದರೆ ಅವರು ಹೇಳುತ್ತಾರೆ, ಅದೂ ನಮಗಿಂತ ಖಚಿತವಾಗಿ.

ಮಾಟುಂಗಾದ ಜನಕ್ಕೆ ತಮ್ಮ ನೆಲದ ಬೆಲೆ ಗೊತ್ತಿದೆ. ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಅಡಿ ಕಾರು ನಿಲ್ಲಿಸಲು ಬಿಡದೆ, ಹಟ ಹಿಡಿದು ಅಲ್ಲಿ ಉದ್ಯಾನ ಮಾಡಿಸಿಕೊಂಡರು. ನರ್ಮದಾ ನದಿಯ ಹರಿವಿನಂತೆ ಬಾಗುವ ನೀಲಿ ಕಾಲುದಾರಿಯಲ್ಲಿ ಈಗ ಸಂಜೆ ವೃದ್ಧರು ನಡೆಯುತ್ತಾರೆ. ಆ ಹಟ ಅಂಗಡಿ ಸಾಲಿಗೂ ಬರಬೇಕು ಎಂಬುದು ನನ್ನ ಆಸೆ.

ಈಗ ನನ್ನ ಪಟ್ಟಿಯಲ್ಲಿ ಮೂರು ಕಾಲಮ್ ಹೆಚ್ಚಿವೆ. ಮುಖ ಎಷ್ಟು ಅಡಿ, ಮೆಟ್ಟಿಲು ಎಷ್ಟು, ಗಿರಾಕಿ ನಿಲ್ಲುವುದು ಎಲ್ಲಿ. ಇವನ್ನು ಬಿಲ್ಡರಿನ ಒಪ್ಪಂದ ಪತ್ರದಲ್ಲಿ ಬರೆಸದೆ ಸಹಿ ಹಾಕಬೇಡಿ ಎಂದು ಅಂಗಡಿಯವರಿಗೆ ಮೊದಲ ಸಭೆಯಲ್ಲೇ ಹೇಳುತ್ತೇನೆ. ಕಟ್ಟಡ ಏಳುವ ನಾಲ್ಕೈದು ವರ್ಷ ಬಿಲ್ಡರ್ ಕೊಡುವ ಬರೀ ಬಾಡಿಗೆ ಹಣ ಸಾಲದು, ತಗಡಿನ ಬೇಲಿಯ ಪಕ್ಕದಲ್ಲಿ ತಾತ್ಕಾಲಿಕ ಮಳಿಗೆ ಕೇಳಿ ಎಂದೂ ಹೇಳುತ್ತೇನೆ. ಗಿರಾಕಿಯ ಕಾಲು ಒಮ್ಮೆ ಬೇರೆ ದಾರಿ ಹಿಡಿದರೆ ಮರಳುವುದು ಕಷ್ಟ. ಎರಡು ಗೇಟಿನ ಬದಲು ಒಂದು ಸಾಕೇ ಎಂದು ನಕ್ಷೆಯಲ್ಲಿ ಹುಡುಕುತ್ತೇನೆ. ಹಲವು ಸಲ ಸಾಕಾಗುತ್ತದೆ.

ಕಳೆದ ತಿಂಗಳು ಒಂದು ಕಾಫಿಪುಡಿ ಅಂಗಡಿಯನ್ನು ಅಳೆದೆ. ಮುಖ ಒಂಬತ್ತು ಅಡಿ, ಮೆಟ್ಟಿಲು ಒಂದು, ಗಿರಾಕಿ ನಿಲ್ಲುವುದು ಹೊರಗೆ, ಬೀಜ ಹುರಿಯುವ ಯಂತ್ರದ ಎದುರು. ಅಂಗಡಿಯ ಮಗ ಪಟ್ಟಿ ಓದಿ, ನನ್ನ ಕೈಯಿಂದ ಟೇಪು ತೆಗೆದುಕೊಂಡು ಇನ್ನೊಮ್ಮೆ ತಾನೇ ಅಳೆದ. ಒಂಬತ್ತು ಅಡಿ ಎರಡು ಅಂಗುಲ ಬಂತು. ತಿದ್ದಿ ಬರೆದೆ.