ಹಿರಿಯರ ಕೈಗೆ ಹೆಜ್ಜೆ ಎಣಿಸುವ ಬ್ಯಾಂಡ್: ಕಟ್ಟುವ ಮೊದಲು, ಕಟ್ಟಿದ ಮೇಲೆ

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಮೂರು ಮಾತು. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು. ಕನಿಷ್ಠ 2 ದಿನ ಸ್ನಾಯು ಬಲದ ವ್ಯಾಯಾಮ ಬೇಕು. ಕನಿಷ್ಠ 3 ದಿನ ಸಮತೋಲನ ಮತ್ತು ಬಲ ಎರಡೂ ಸೇರಿದ ವ್ಯಾಯಾಮ ಬೇಕು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳು 150 ನಿಮಿಷ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಕೈಗೆ ಕಟ್ಟುವ ಬ್ಯಾಂಡ್ ಮಾಡುವ ತಪ್ಪೂ ಅದೇ. ಅದಕ್ಕೆ ಚೆನ್ನಾಗಿ ಗೊತ್ತಾಗುವುದು ನಡಿಗೆ ಮಾತ್ರ. ಅಜ್ಜಿ ಅಡುಗೆಮನೆ ಕಟ್ಟೆ ಹಿಡಿದು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಬ್ಯಾಂಡಿನ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಬೀಳದಂತೆ ಕಾಯುವುದು ಆ ಹಿಮ್ಮಡಿ ಎತ್ತುವ ಕೆಲಸವೇ. ವಿದ್ಯಾರ್ಥಿಗಳಿಗೆಂದು ಬರೆದ ಈ ಟಿಪ್ಪಣಿ ಓದುವಾಗ ಇದೊಂದು ತಲೆಯಲ್ಲಿರಲಿ: ಯಂತ್ರ ಎಣಿಸಬಲ್ಲದ್ದೇ ಬೇರೆ, ಹಿರಿಯರಿಗೆ ಬೇಕಾದದ್ದೇ ಬೇರೆ. ಇವೆರಡರ ನಡುವಿನ ಅಂತರವನ್ನು ನಾವು ತುಂಬಬೇಕು.

ಹತ್ತು ಸಾವಿರದ ಕಥೆ

ಹೊಸ ಬ್ಯಾಂಡ್ ತೆರೆದ ಕೂಡಲೇ ಎಷ್ಟೋ ಸಲ ಕಾಣುವ ಗುರಿ 10,000 ಹೆಜ್ಜೆ. ಇದು ವೈದ್ಯರು ಕಂಡುಹಿಡಿದ ಸಂಖ್ಯೆಯಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಕಂಪನಿಯೊಂದು ‘ಮಾನ್‌ಪೊ-ಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬ ಹೆಸರಿನ ಸಾಧನ ಮಾರಿತು. ಆ ಹೆಸರೇ ಗುರಿಯಾಗಿ ಉಳಿಯಿತು. 2019ರಲ್ಲಿ ಐ-ಮಿನ್ ಲೀ ತಂಡ ಅಮೆರಿಕದ 16,741 ಹಿರಿಯ ಮಹಿಳೆಯರ (ಸರಾಸರಿ ವಯಸ್ಸು 72) ಹೆಜ್ಜೆ ಲೆಕ್ಕ ಪ್ರಕಟಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400ರ ಸುಮಾರಿನವರಲ್ಲಿ ಸಾವಿನ ಪ್ರಮಾಣ 41% ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚುವರಿ ಲಾಭ ಕಾಣಲಿಲ್ಲ. ಇದು ವೀಕ್ಷಣಾ ಅಧ್ಯಯನ. ಗಟ್ಟಿಮುಟ್ಟಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಹಾಗಿದ್ದರೂ ಮೊದಲ ದಿನ ಮಾಡಬೇಕಾದ ಕೆಲಸ ಇದರಿಂದ ಸ್ಪಷ್ಟ: ಸೆಟ್ಟಿಂಗ್ಸ್‌ಗೆ ಹೋಗಿ ಆ 10,000 ಅಳಿಸಿ. ಸಂಜೆ ಹೊತ್ತಿಗೆ 2,900 ನಡೆದವರಿಗೆ ‘ಇನ್ನೂ 7,100 ಬಾಕಿ’ ಎಂದು ತೋರಿಸುವ ಸಾಧನ ತಿಂಗಳೊಳಗೆ ಮೇಜಿನ ಡ್ರಾಯರ್ ಸೇರುತ್ತದೆ.

ಎಣಿಕೆ ತಪ್ಪುವುದು ಎಲ್ಲಿ

ಬ್ಯಾಂಡಿನೊಳಗಿರುವುದು ಮೂರು ಅಕ್ಷಗಳ ಆಕ್ಸೆಲೆರೋಮೀಟರ್, ಅಂದರೆ ಮೂರು ದಿಕ್ಕಿನ ಅಲುಗಾಟ ಅಳೆಯುವ ಸಂವೇದಕ. ಅದಕ್ಕೆ ಪಾದ ಕಾಣುವುದಿಲ್ಲ. ಮಣಿಕಟ್ಟಿನ ಬೀಸಿನಲ್ಲಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ಏರಿಳಿತವನ್ನು ಅದು ಹೆಜ್ಜೆ ಎಂದು ಊಹಿಸುತ್ತದೆ. ಏರಿಳಿತ ಒಂದು ಮಿತಿ ದಾಟದಿದ್ದರೆ ಹೆಜ್ಜೆ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಂಡಿಗೆ 0.8 ಮೀಟರ್‌ಗಿಂತ ನಿಧಾನವಾಗಿ ನಡೆಯುವವರಲ್ಲಿ, ಪಾದ ಎಳೆದು ನಡೆಯುವ ಪಾರ್ಕಿನ್ಸನ್ ರೋಗಿಗಳಲ್ಲಿ ಎಣಿಕೆ ಕುಸಿಯುವುದು ಇದೇ ಕಾರಣಕ್ಕೆ. ವಾಕರ್ ಹಿಡಿದವರ ಕೈ ಬೀಸುವುದೇ ಇಲ್ಲ. ನಮ್ಮ ಹಿರಿಯರಲ್ಲಿ ಇನ್ನೂ ಎರಡು ಅಭ್ಯಾಸ ಗಮನಿಸಿ: ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುವುದು, ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುವುದು. ಎರಡರಲ್ಲೂ ಹೆಜ್ಜೆ ಕಳೆದುಹೋಗುತ್ತದೆ. ಜೊತೆಗೆ ಅನೇಕ ಸಾಧನಗಳು ಸತತವಾಗಿ ಕೆಲವು ಹೆಜ್ಜೆ ಬಿದ್ದ ಮೇಲಷ್ಟೇ ಎಣಿಸಲು ತೊಡಗುತ್ತವೆ. ಹಾಗಾಗಿ ಒಲೆಯಿಂದ ಸಿಂಕಿಗೆ, ಸಿಂಕಿನಿಂದ ದೇವರಮನೆಗೆ ಇಡುವ ನಾಲ್ಕೈದು ಹೆಜ್ಜೆ ಜಮೆಯಾಗುವುದಿಲ್ಲ. ತದ್ವಿರುದ್ಧವೂ ಉಂಟು. ಕೂತಲ್ಲೇ ಮಜ್ಜಿಗೆ ಕಡೆದರೆ ಹೆಜ್ಜೆ ಏರಬಹುದು.

ಪರೀಕ್ಷಿಸಲು ಐದು ನಿಮಿಷ ಸಾಕು. ಹಿರಿಯರು ತಮ್ಮ ಮಾಮೂಲಿ ವೇಗದಲ್ಲಿ, ಮಾಮೂಲಿ ಊರುಗೋಲಿನೊಂದಿಗೆ ನಡೆಯಲಿ. ನೀವು ಪಕ್ಕದಲ್ಲೇ ನಡೆಯುತ್ತ ಬಾಯಲ್ಲಿ 100 ಹೆಜ್ಜೆ ಎಣಿಸಿ. ಬ್ಯಾಂಡ್ 95ರಿಂದ 105ರೊಳಗೆ ತೋರಿಸಿದರೆ ಸರಿ. 90ರ ಕೆಳಗಿದ್ದರೆ ಬ್ಯಾಂಡನ್ನು ಕಾಲ್ಗಂಟಿನ ಮೇಲೆ ಕಟ್ಟಿ ಇನ್ನೊಮ್ಮೆ ನೋಡಿ. ನಿಧಾನ ನಡಿಗೆಗೆ, ವಾಕರ್ ಬಳಸುವವರಿಗೆ ಕಾಲ್ಗಂಟೇ ನಂಬಿಕಸ್ಥ ಜಾಗ. ಫೋನನ್ನೇ ಮಾಪಕವಾಗಿ ಬಳಸುವ ಯೋಜನೆ ಜೇಬಿರುವ ಅಂಗಿಯವರಿಗೆ ಸರಿ. ಸೀರೆ ಉಟ್ಟವರ ಫೋನ್ ದಿನವಿಡೀ ಟಿವಿ ಪಕ್ಕದಲ್ಲೇ ಇರುತ್ತದೆ.

ಮೊದಲ ವಾರ, ನಂತರದ ಗುರಿ

ಮೊದಲ 7 ದಿನ ಗುರಿ ಬೇಡ, ‘ಎಂದಿನಂತೆ ಇರಿ’ ಎಂದಷ್ಟೇ ಹೇಳಿ. ಎಚ್ಚರವಿದ್ದ ಹೊತ್ತಿನಲ್ಲಿ 10 ಗಂಟೆಯಾದರೂ ಕಟ್ಟಿಕೊಂಡ ದಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಂಥ ದಿನಗಳು ಕನಿಷ್ಠ 4 ಇರಲಿ. ಉದಾಹರಣೆಗೆ ಒಂದು ವಾರ: 2,400, 3,100, 2,800, 900, 3,000, 2,700, 3,400. ಆ 900ರ ದಿನ ಬ್ಯಾಂಡ್ ಚಾರ್ಜಿಗೆ ಹಾಕಿ ಮರೆತದ್ದು. ಅದನ್ನೂ ಸೇರಿಸಿದರೆ ಸರಾಸರಿ 2,614, ಬಿಟ್ಟರೆ 2,900. ಎರಡನೆಯದೇ ನಿಜವಾದ ತಳಮಟ್ಟ.

ಇದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಮೊದಲ ಗುರಿ 3,200 ಎಂದಿಡಿ. ಎರಡು ವಾರದಲ್ಲಿ ಹೆಚ್ಚಿನ ದಿನ ಮುಟ್ಟಿದರೆ 3,500, ಆಮೇಲೆ 3,850. ಮುಟ್ಟದಿದ್ದರೆ ಅದೇ ಸಂಖ್ಯೆ ಮುಂದುವರಿಯಲಿ, ಇಳಿಸಿದರೂ ನಷ್ಟವಿಲ್ಲ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಎಂದರೆ ಮಧ್ಯಮ ಮಟ್ಟದ ನಡಿಗೆ ಎಂಬ ಅಂದಾಜಿದೆ. ಆ ಲೆಕ್ಕದಲ್ಲಿ ಹೆಚ್ಚುವರಿ 300 ಹೆಜ್ಜೆ ಎಂದರೆ ಮೂರು ನಿಮಿಷ. ಹಿರಿಯರಿಗೆ ಹೇಳುವಾಗ ‘300 ಹೆಜ್ಜೆ’ ಬೇಡ. ‘ಹಾಲು ತರಲು ಹೋದಾಗ ಇನ್ನೊಂದು ಬೀದಿ ಸುತ್ತಿ ಬನ್ನಿ’ ಎನ್ನಿ.

ಸಂಖ್ಯೆ ತೋರಿಸಿದರೆ ಉತ್ಸಾಹ ಬರುತ್ತದೆಯೇ?

ಪಠ್ಯದಲ್ಲಿ ಒಂದಕ್ಕೊಂದು ಎದುರಾಗಿ ನಿಲ್ಲುವ ಎರಡು ವಿಮರ್ಶೆಗಳು (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿಗಳು) ಇಲ್ಲಿವೆ. ನಿಧಾನವಾಗಿ ಓದಬೇಕಾದ ಭಾಗ ಇದು. 2007ರಲ್ಲಿ ಬ್ರವಾಟಾ ತಂಡ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಪೆಡೋಮೀಟರ್ (ಹೆಜ್ಜೆ ಎಣಿಸುವ ಸಾಧನ) ಬಳಸಿದವರು ಮೊದಲಿಗಿಂತ ಸುಮಾರು 27% ಹೆಚ್ಚು ನಡೆದಿದ್ದರು. ಹೆಜ್ಜೆಯ ಗುರಿ ಇಟ್ಟುಕೊಳ್ಳುವುದೇ ಅದರಲ್ಲಿ ಮುಖ್ಯ ಅಂಶವಾಗಿತ್ತು. ಆದರೆ ಅಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 49. ಹಿರಿಯರನ್ನೇ ನೋಡಿದ, ಡೇವಿಡ್ ಫ್ರೆಂಚ್ ಎಂಬ ಸಂಶೋಧಕರ ತಂಡದ 2014ರ ವಿಮರ್ಶೆ ಬೇರೆಯೇ ಹೇಳಿತು. ಗುರಿ ನಿಗದಿ, ತಾವೇ ದಾಖಲಿಸಿಕೊಳ್ಳುವುದು, ಫಲಿತಾಂಶ ತೋರಿಸುವುದು, ಇತರರೊಂದಿಗೆ ಹೋಲಿಸಿ ತೋರಿಸುವುದು ಇವು ಇದ್ದ ಕಾರ್ಯಕ್ರಮಗಳಲ್ಲಿ ಹಿರಿಯರ ಚಟುವಟಿಕೆಯೂ ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಯೂ ಕಡಿಮೆಯೇ ಇದ್ದವು. ಅಡ್ಡಿಗಳನ್ನು ಗುರುತಿಸಿ ಬಗೆಹರಿಸುವುದು, ಮಾಡಿ ತೋರಿಸುವುದು ಇದ್ದಲ್ಲಿ ಚಟುವಟಿಕೆ ಹೆಚ್ಚಿತ್ತು.

ಆ್ಯಪ್ ಎಂದರೆ ಏನು? ಗುರಿ, ದಾಖಲೆ, ಫಲಿತಾಂಶ, ಹೋಲಿಕೆ. ಅಂದರೆ ಮೊದಲ ಪಟ್ಟಿಯಲ್ಲಿದ್ದದ್ದೆಲ್ಲ. ಇದು ಕಾರ್ಯಕ್ರಮಗಳ ನಡುವಿನ ಹೋಲಿಕೆ, ಕಾರಣ-ಪರಿಣಾಮದ ಸಾಬೀತಲ್ಲ. ಆದ್ದರಿಂದ ‘ಬ್ಯಾಂಡ್ ಹಿರಿಯರಿಗೆ ಕೆಡುಕು’ ಎಂದು ಬರೆದರೆ ಅಂಕ ಹೋಗುತ್ತದೆ. ಬ್ಯಾಂಡ್ ಕೊಟ್ಟು ಸುಮ್ಮನಾದರೆ ಅರ್ಧ ಕೆಲಸವೂ ಆಗಿಲ್ಲ ಎನ್ನುವುದು ನ್ಯಾಯವಾದ ತೀರ್ಮಾನ. ಮೊಮ್ಮಗನ ಹೆಜ್ಜೆಯ ಪಕ್ಕ ಅಜ್ಜನ ಹೆಜ್ಜೆ ತೋರಿಸುವ ಕುಟುಂಬ ಸ್ಪರ್ಧೆಗಳನ್ನು ಆಫ್ ಮಾಡಿ. ವಾರಕ್ಕೊಮ್ಮೆ ಕೂತು ‘ಯಾಕೆ ಹೋಗಲಾಗಲಿಲ್ಲ’ ಎಂದು ಕೇಳಿ. ಬೀದಿನಾಯಿ, ಮಂಡಿನೋವು, ದಾರಿಯಲ್ಲಿ ಶೌಚಾಲಯವಿಲ್ಲದಿರುವುದು, ಮಲೆನಾಡಾದರೆ ಮಳೆ: ಉತ್ತರಗಳು ಇಂಥವೇ. ಯಾವುದೂ ಬ್ಯಾಂಡಿಗೆ ಗೊತ್ತಾಗುವುದಿಲ್ಲ.

ಎಣಿಕೆಗೆ ಸಿಗದ ಭಾಗ: ಸಮತೋಲನ

ಇಲ್ಲಿ ಕೈಹಿಡಿಯುವ ತಂತ್ರಜ್ಞಾನ ಟ್ಯಾಬ್ಲೆಟ್, ಕೈಬ್ಯಾಂಡ್ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದ ‘ಸ್ಟ್ಯಾಂಡಿಂಗ್‌ಟಾಲ್’ ಪ್ರಯೋಗ ಒಳ್ಳೆಯ ಮಾದರಿ. 70 ದಾಟಿದ 503 ಜನ ಅದರಲ್ಲಿದ್ದರು. ಒಂದು ಗುಂಪು ಮನೆಯಲ್ಲೇ ಟ್ಯಾಬ್ಲೆಟ್ ನೋಡಿಕೊಂಡು ಸಮತೋಲನದ ವ್ಯಾಯಾಮ ಮಾಡಿತು. ಅವಧಿಯನ್ನು ಹಂತಹಂತವಾಗಿ ಏರಿಸಿ ವಾರಕ್ಕೆ 2 ಗಂಟೆಗೆ ತಂದು, ಒಟ್ಟು ಎರಡು ವರ್ಷ ನಡೆಸಿದರು. 2021ರಲ್ಲಿ ಬಂದ ಫಲಿತಾಂಶ: ಮೊದಲ 12 ತಿಂಗಳಲ್ಲಿ ಬೀಳುವ ಪ್ರಮಾಣದಲ್ಲಿ ಸಂಖ್ಯಾಶಾಸ್ತ್ರೀಯವಾಗಿ ಗಣ್ಯ ವ್ಯತ್ಯಾಸವಿಲ್ಲ. 24 ತಿಂಗಳಿಗೆ ನೋಡಿದರೆ ಬೀಳುವ ಪ್ರಮಾಣ 16% ಕಡಿಮೆ, ಬಿದ್ದು ಗಾಯಗೊಂಡವರು 20% ಕಡಿಮೆ. ಮೂರು ತಿಂಗಳ ಪ್ರಾಜೆಕ್ಟ್ ಮಾಡಿ ‘ಪರಿಣಾಮವಿಲ್ಲ’ ಎಂದು ಬರೆಯುವವರು ಈ ಎರಡು ಸಾಲನ್ನು ಮತ್ತೊಮ್ಮೆ ಓದಬೇಕು.

ವೀಡಿಯೊ ನೋಡಿ ಮಾಡುವಾಗ ಎಡವಟ್ಟಾಗುವುದು ಬಹುಪಾಲು ಜಾಗ ಹೊಂದಿಸುವುದರಲ್ಲಿ. ಫೋನ್ ನೆಲದ ಮೇಲಿಟ್ಟರೆ ಕತ್ತು ಬಗ್ಗುತ್ತದೆ, ಸಮತೋಲನ ತಪ್ಪುತ್ತದೆ. ಪರದೆ ಕಣ್ಣಿನ ಎತ್ತರಕ್ಕಿರಲಿ. ಹಿಡಿಯಲು ಪ್ಲಾಸ್ಟಿಕ್ ಕುರ್ಚಿ ಬೇಡ, ನುಣುಪು ನೆಲದಲ್ಲಿ ಅದು ಜಾರುತ್ತದೆ. ಅಡುಗೆಮನೆ ಕಟ್ಟೆಯೇ ಭದ್ರ. ಮೊದಲು ಕೂತು ವೀಡಿಯೊ ಪೂರ್ತಿ ನೋಡಲಿ, ಆಮೇಲೆ ಕಟ್ಟೆಯ ಬಳಿ ನಿಂತು ಬರೀ ಧ್ವನಿ ಕೇಳಿಕೊಂಡು ಮಾಡಲಿ. ‘ಹಿಮ್ಮಡಿ ಎತ್ತಿ, ಒಂದು, ಎರಡು, ಇಳಿಸಿ’ ಎಂದು ನೀವೇ ಕನ್ನಡದಲ್ಲಿ ರೆಕಾರ್ಡ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಆಡಿಯೊ, ಅರ್ಥವಾಗದ ಭಾಷೆಯ ದುಬಾರಿ ಆ್ಯಪಿಗಿಂತ ವಾಸಿ.

ಪ್ರಗತಿ ಅಳೆಯಲು ಬೇಕಾದದ್ದು ಫೋನಿನ ಸ್ಟಾಪ್‌ವಾಚ್ ಮಾತ್ರ. ಎದೆಯ ಮೇಲೆ ಕೈಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ನೋಡಿ. 70ರಿಂದ 74ರ ಗಂಡಸರಲ್ಲಿ 12ಕ್ಕಿಂತ, ಹೆಂಗಸರಲ್ಲಿ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯವಿದೆ ಎಂದು ಹಿಡಿಯುತ್ತಾರೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೂ ಅಷ್ಟೇ.

ನಾಡಿ ಬಡಿತ ನಂಬುವ ಮೊದಲು

ಬ್ಯಾಂಡಿನ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ಓದುತ್ತದೆ. ಪಟ್ಟಿ ಸಡಿಲವಾದರೆ, ಬಳೆಗೆ ತಾಗಿ ಅಲುಗಿದರೆ ಓದು ತಪ್ಪುತ್ತದೆ. ಇದಕ್ಕಿಂತ ದೊಡ್ಡ ತೊಡಕು ಔಷಧಿಯದು. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನಾಡಿಯನ್ನು ತಗ್ಗಿಸಿ ಹಿಡಿದಿರುತ್ತದೆ. ಗರಿಷ್ಠ ನಾಡಿ ಅಂದಾಜಿಸುವ ‘220ರಿಂದ ವಯಸ್ಸು ಕಳೆ’ ಎಂಬ ಸೂತ್ರದಲ್ಲಿ ಬರುವ ನಾಡಿ ಮುಟ್ಟಲು ಆ ಮಾತ್ರೆ ನುಂಗುವವರಿಗೆ ಎಷ್ಟು ದಣಿದರೂ ಆಗದು. ಆ್ಯಪ್ ಮಾತ್ರ ‘ಇನ್ನೂ ಜೋರಾಗಿ’ ಎನ್ನುತ್ತಿರುತ್ತದೆ. ಇಂಥವರಿಗೆ ಮಾತಿನ ಪರೀಕ್ಷೆ ಸಾಕು: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. 0ಯಿಂದ 10ರ ಆಯಾಸದ ಅಳತೆಯಲ್ಲಿ ಅದು 5-6. ಎದೆನೋವು, ತಲೆಸುತ್ತು, ಹಿಂದೆಂದೂ ಇಲ್ಲದ ಉಬ್ಬಸ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರ ಬಿಪಿಯನ್ನು 5 ನಿಮಿಷ ಮಲಗಿಸಿ ಒಮ್ಮೆ, ನಿಂತ ಮೇಲೆ 1 ಮತ್ತು 3ನೇ ನಿಮಿಷದಲ್ಲಿ ಇನ್ನೆರಡು ಸಲ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಮೊದಲು ವೈದ್ಯರು, ಆಮೇಲೆ ಗುರಿ.

ಚಾರ್ಜು, ಸಿಂಕ್, ಬೆರಳು

ಒಣಗಿದ ಬೆರಳಿಗೆ ಟಚ್ ಪರದೆ ಸ್ಪಂದಿಸದು. ಬೆರಳು ನಿಧಾನವಾಗಿ ಎತ್ತಿದರೆ ಒತ್ತಿ ಹಿಡಿದಂತಾಗಿ ಬೇರೇನೋ ತೆರೆದುಕೊಳ್ಳುತ್ತದೆ. ಬಟನ್ ಇರುವ ಬ್ಯಾಂಡ್ ಆರಿಸಿ. ಕೀರಲು ಬೀಪ್ ವಯಸ್ಸಾದ ಕಿವಿಗೆ ಬೀಳದು, ಕಂಪನ ಆನ್ ಇರಲಿ. ಫೋನಿನ ಬ್ಯಾಟರಿ ಉಳಿತಾಯ ಸೆಟ್ಟಿಂಗ್ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸಿಬಿಟ್ಟರೆ ಹೆಜ್ಜೆ ಬ್ಯಾಂಡಿನಲ್ಲೇ ಉಳಿಯುತ್ತದೆ, ಫೋನಿಗೆ ಸಿಂಕ್ ಆಗುವುದಿಲ್ಲ. ‘ನಿನ್ನೆ ನಡೆದದ್ದು ಬಂದೇ ಇಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ವಿದೇಶದಲ್ಲಿರುವ ಮಕ್ಕಳು ವಾಚ್ ಕಳಿಸಿ ದಿನವೂ ಅಂಕಿ ನೋಡುವಂತಿದ್ದರೆ, ಯಾರಿಗೆ ಏನು ಕಾಣುತ್ತದೆ ಎಂದು ಹಿರಿಯರಿಗೆ ತೋರಿಸಿ ಒಪ್ಪಿಗೆ ಕೇಳಿ.

ಬಿದ್ದರೆ ಕರೆ ಮಾಡುವ ವಾಚುಗಳಿಗೂ ಮಿತಿಯಿದೆ. ಧೊಪ್ಪೆಂದು ಬಿದ್ದದ್ದು ಗೊತ್ತಾಗುತ್ತದೆ, ಗೋಡೆಗೊರಗಿ ಮೆಲ್ಲಗೆ ಕುಸಿದದ್ದು ಗೊತ್ತಾಗದಿರಬಹುದು. ದಿನವೂ ಚಾರ್ಜ್ ಬೇಡುವ ವಾಚನ್ನು ಜನ ರಾತ್ರಿ ಬಿಚ್ಚಿ ಚಾರ್ಜಿಗಿಡುತ್ತಾರೆ. ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವುದು ಆ ಹೊತ್ತಿನಲ್ಲೇ. ನೀರು ತಡೆಯುವ ವಾಚಾದರೆ ಸ್ನಾನಕ್ಕೂ ಕೈಯಲ್ಲೇ ಇರಲಿ. ಚಾರ್ಜಿಗಿಡುವುದು ಬೆಳಗಿನ ಕಾಫಿ ಕುಡಿದು ಪೇಪರ್ ಓದುತ್ತ ಕೂತಿರುವ ಒಂದು ಗಂಟೆ.