ಮತಗಟ್ಟೆಯೊಳಗೆ ಯಾರ ಪ್ರಶ್ನೆ? ಲೋಕಸಭಾ ಪ್ರಚಾರ ತಂತ್ರದ ಬಗ್ಗೆ ಒಂದು ಟಿಪ್ಪಣಿ

ಹೋದ ತಿಂಗಳ ಕಿರುಪರೀಕ್ಷೆಯಲ್ಲಿ ‘ಲೋಕಸಭಾ ಚುನಾವಣೆಯಲ್ಲಿ ಎದುರಾಳಿ ಪಕ್ಷಗಳ ಪ್ರಚಾರ ತಂತ್ರಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಇತ್ತು. ನಾನು ರೋಡ್ ಶೋ, ಕರಪತ್ರ, ವಾಟ್ಸಾಪ್, ಮನೆ ಮನೆ ಭೇಟಿ, ಸ್ಟಾರ್ ಪ್ರಚಾರಕರು ಅಂತ ಎರಡು ಪುಟ ತುಂಬಿಸಿದೆ. ಬಂದಿದ್ದು ಮೂರು ಅಂಕ. ಪಕ್ಕದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇದು ಶಾಮಿಯಾನದವರ ಬಿಲ್. ತಂತ್ರ ಎಲ್ಲಿ?’

ಅವತ್ತು ಸಿಟ್ಟು ಬಂತು. ಆಮೇಲೆ ನಮ್ಮೂರು ದಾವಣಗೆರೆ ಮತ್ತು ಪಕ್ಕದ ಚಿತ್ರದುರ್ಗದ ಫಲಿತಾಂಶಗಳನ್ನು ಎದುರಿಗಿಟ್ಟುಕೊಂಡು ಕೂತಾಗ ಅವರ ಮಾತು ಅರ್ಥವಾಯಿತು. ಜೊತೆಯಲ್ಲಿ ಓದುವವರಿಗೂ ಉಪಯೋಗವಾಗಲಿ ಅಂತ ಬರೆದಿಡುತ್ತಿದ್ದೇನೆ.

ಚಿತ್ರದುರ್ಗದಿಂದಲೇ ಶುರು ಮಾಡೋಣ. ಆ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಜೊತೆಗೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಇವುಗಳಲ್ಲಿ ಏಳು ಕಾಂಗ್ರೆಸ್ಸಿಗೆ ಹೋದವು. ಬಿಜೆಪಿಗೆ ಉಳಿದಿದ್ದು ಹೊಳಲ್ಕೆರೆ ಒಂದೇ. ಒಂದು ವರ್ಷವೂ ಕಳೆದಿರಲಿಲ್ಲ, 2024ರ ಏಪ್ರಿಲ್ 26ಕ್ಕೆ ಹೆಚ್ಚುಕಡಿಮೆ ಅದೇ ಮತದಾರರು ಅದೇ ಶಾಲೆಗಳ ಮುಂದೆ ಸಾಲು ನಿಂತರು. ಗೆದ್ದಿದ್ದು ಬಿಜೆಪಿಯ ಗೋವಿಂದ ಕಾರಜೋಳ, ಅಂತರ 48,121.

ಇಷ್ಟೊಂದು ಜನ ಹನ್ನೊಂದೂವರೆ ತಿಂಗಳಲ್ಲಿ ಮನಸ್ಸು ಬದಲಿಸಿದರು ಅಂತ ನನಗೆ ಅನ್ನಿಸುವುದಿಲ್ಲ. ಜೆಡಿಎಸ್ 2023ರಲ್ಲಿ ಬೇರೆ ನಿಂತಿತ್ತು, 2024ರಲ್ಲಿ ಬಿಜೆಪಿ ಜೊತೆ ಸೇರಿತ್ತು. ಅದು ಒಂದು ಕಾರಣ, ಉತ್ತರದಲ್ಲಿ ಬರೆಯಲೇಬೇಕು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಮೊದಲ ಸಲ ಮತದಾರರ ಮುಂದೆ ಇದ್ದ ಪ್ರಶ್ನೆ ‘ರಾಜ್ಯದಲ್ಲಿ ಯಾರ ಸರ್ಕಾರ ಬರಬೇಕು?’ ಅನ್ನೋದು. ಎರಡನೇ ಸಲ ‘ಪ್ರಧಾನಿ ಯಾರಾಗಬೇಕು?’ ಅನ್ನೋದು. ಪ್ರಶ್ನೆ ಬದಲಾದರೆ ಅದೇ ಮನುಷ್ಯನ ಉತ್ತರವೂ ಬದಲಾಗುತ್ತದೆ.

ಪ್ರಚಾರ ತಂತ್ರಕ್ಕೆ ನಾನು ಈಗ ಬರೆದುಕೊಂಡಿರುವ ವ್ಯಾಖ್ಯೆ ಇಷ್ಟು: ಮತದಾರ ಬಟನ್ ಒತ್ತುವ ಹೊತ್ತಿಗೆ ಅವನ ತಲೆಯಲ್ಲಿ ನಮ್ಮ ಪ್ರಶ್ನೆ ಇರಬೇಕು, ಎದುರಾಳಿಯದ್ದು ಇರಬಾರದು. ಅದಕ್ಕಾಗಿ ಮಾಡುವ ಆಯ್ಕೆಗಳೆಲ್ಲ ತಂತ್ರ. ರೋಡ್ ಶೋ, ಬ್ಯಾನರ್ ಎಲ್ಲ ಅದನ್ನು ಸಾಗಿಸುವ ಗಾಡಿಗಳು.

ಘೋಷಣೆಗಳನ್ನು ಈ ಕಣ್ಣಿನಿಂದ ಓದಿ

1971ರಲ್ಲಿ ವಿರೋಧ ಪಕ್ಷಗಳು ‘ಇಂದಿರಾ ಹಠಾವೋ’ ಅಂದವು. ಇಂದಿರಾ ಗಾಂಧಿ ‘ಗರೀಬಿ ಹಠಾವೋ’ ಅಂದರು. ಅವರು ನನ್ನನ್ನು ಓಡಿಸಬೇಕು ಅಂತಾರೆ, ನಾನು ಬಡತನ ಓಡಿಸಬೇಕು ಅಂತೀನಿ ಅನ್ನೋ ಅರ್ಥ ಬರುವ ಹಾಗೆ ಎದುರಾಳಿಯ ವಾಕ್ಯವನ್ನೇ ತಮ್ಮ ಕಡೆ ತಿರುಗಿಸಿಕೊಂಡರು. 352 ಸ್ಥಾನ ಬಂತು.

1977ರಲ್ಲಿ ಪ್ರಶ್ನೆ ತುರ್ತು ಪರಿಸ್ಥಿತಿಯದ್ದು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್ಸಿಗೇ. ದಾವಣಗೆರೆ ಪ್ರತ್ಯೇಕ ಲೋಕಸಭಾ ಕ್ಷೇತ್ರವಾಗಿ ಮೊದಲ ಸಲ ಮತ ಹಾಕಿದ್ದೂ ಆ ವರ್ಷವೇ, ಗೆದ್ದಿದ್ದು ಕಾಂಗ್ರೆಸ್ಸಿನ ಕೊಂಡಜ್ಜಿ ಬಸಪ್ಪ. ಇಲ್ಲಿ ತುರ್ತು ಪರಿಸ್ಥಿತಿಯ ಬಿಸಿ ಉತ್ತರದಷ್ಟು ತಟ್ಟಿರಲಿಲ್ಲ, ಜೊತೆಗೆ ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ಜನರ ಕಣ್ಣ ಮುಂದಿತ್ತು. ‘ರಾಷ್ಟ್ರೀಯ ಅಲೆ’ ಅಂತ ಒಂದೇ ಪದದಲ್ಲಿ ಮುಗಿಸುವವರು ಈ 26ನ್ನು ಒಮ್ಮೆ ನೋಡಬೇಕು.

2004 ಕೂಡ ಇದೇ ಜಾತಿಯದ್ದು. ‘ಭಾರತ ಪ್ರಕಾಶಿಸುತ್ತಿದೆ’ ಅನ್ನೋ ಪ್ರಚಾರ ದೇಶದ ಮಟ್ಟದಲ್ಲಿ ಮುಗ್ಗರಿಸಿತು, ಬಿಜೆಪಿ 138ಕ್ಕೆ ಇಳಿಯಿತು. ಆದರೆ ಅದೇ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಅದು 18 ಸ್ಥಾನ ಗೆದ್ದಿತು. ನಮ್ಮ ದಾವಣಗೆರೆಯೂ ಅದರಲ್ಲಿ ಸೇರಿತ್ತು.

2024ರ ‘400 ಪಾರ್’, ಅಂದರೆ 400 ಸ್ಥಾನ ದಾಟುತ್ತೇವೆ ಅನ್ನೋದನ್ನು ಎಚ್ಚರಿಕೆಯಿಂದ ಓದಬೇಕು. ಗೆಲ್ಲುವುದು ಖಚಿತ ಎಂಬ ಗಾಳಿ ಎಬ್ಬಿಸಲು ಬಿಜೆಪಿ ಹಿಡಿದ ಘೋಷಣೆ ಅದು. ವಿರೋಧ ಪಕ್ಷಗಳು ಅದರ ಬಾಲಕ್ಕೇ ಒಂದು ಪ್ರಶ್ನೆ ಕಟ್ಟಿದವು: ‘400 ಯಾಕೆ ಬೇಕು? ಸಂವಿಧಾನ ಬದಲಿಸೋಕಾ?’ ಆಗ ಉತ್ತರ ಕನ್ನಡದ ಸಂಸದರಾಗಿದ್ದ ಅನಂತಕುಮಾರ್ ಹೆಗಡೆ ಅದೇ ಅರ್ಥದ ಮಾತಾಡಿದ್ದು ವಿರೋಧ ಪಕ್ಷಗಳಿಗೆ ಅನುಕೂಲವಾಯಿತು. ಬಿಜೆಪಿ ಆ ಮಾತಿಗೂ ಪಕ್ಷಕ್ಕೂ ಸಂಬಂಧವಿಲ್ಲ ಎಂದಿತು, ಹೆಗಡೆಯವರಿಗೆ ಟಿಕೆಟ್ಟೂ ಸಿಗಲಿಲ್ಲ. ಆದರೆ ಪ್ರಶ್ನೆ ಹಳ್ಳಿ ತಲುಪಿಬಿಟ್ಟಿತ್ತು. ಕೊನೆಗೆ ಬಂದಿದ್ದು 240.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಚೊಂಬು. ಕೇಂದ್ರದಿಂದ ರಾಜ್ಯಕ್ಕೆ ಸಿಕ್ಕಿದ್ದು ಖಾಲಿ ಚೊಂಬು ಅಂತ 2024ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ತೆರಿಗೆ ಹಂಚಿಕೆ, ಬರ ಪರಿಹಾರ ಎಲ್ಲ ಅಂಕಿಅಂಶದ ವಿಷಯ, ಕೇಳುವವರಿಗೆ ನಿದ್ದೆ ಬರುತ್ತದೆ. ‘ಚೊಂಬು ಕೊಟ್ರು’ ಅಂದರೆ ಕನ್ನಡದಲ್ಲಿ ಯಾರಿಗೂ ವಿವರಣೆ ಬೇಕಿಲ್ಲ! ಆದರೆ ಎದುರಾಳಿ ಸುಮ್ನೆ ಕೂರಲಿಲ್ಲ. ಎಚ್.ಡಿ. ದೇವೇಗೌಡರು ವೇದಿಕೆಯಲ್ಲೇ, ಕಾಂಗ್ರೆಸ್ ಬಿಟ್ಟುಹೋದ ಚೊಂಬನ್ನು ಮೋದಿ ಅಕ್ಷಯಪಾತ್ರೆ ಮಾಡಿದರು ಅನ್ನೋ ಅರ್ಥದಲ್ಲಿ ತಿರುಗಿಸಿ ಹೊಡೆದರು. ಎದುರಾಳಿಯ ವಸ್ತುವನ್ನೇ ಇಟ್ಟುಕೊಂಡು ಅರ್ಥ ಮಾತ್ರ ಬದಲಿಸುವುದು. 1971ರ ತಂತ್ರ, ಪಾತ್ರೆ ಮಾತ್ರ ಹೊಸದು.

ಭದ್ರಾ ಮೇಲ್ದಂಡೆ ಯಾಕೆ ಕೈಕೊಟ್ಟಿತು?

ಊರಿನ ದೊಡ್ಡ ಸಮಸ್ಯೆ ಹಿಡಿದವರು ಗೆಲ್ಲುತ್ತಾರೆ ಅಂತ ನಾವೆಲ್ಲ ಬರೆಯುತ್ತೇವೆ. ಚಿತ್ರದುರ್ಗದ ಮಟ್ಟಿಗೆ ನೀರಿಗಿಂತ ದೊಡ್ಡ ವಿಷಯ ಇದೆಯಾ? ಭದ್ರಾ ಮೇಲ್ದಂಡೆ ಯೋಜನೆ ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳ 2 ಲಕ್ಷ ಹೆಕ್ಟೇರ್‌ಗೂ ಜಾಸ್ತಿ ಜಮೀನಿಗೆ ನೀರು ಕೊಡಬೇಕಾದ ಯೋಜನೆ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ವಿಧಾನಸಭಾ ಚುನಾವಣೆಗೆ ಆಗ ಮೂರೇ ತಿಂಗಳಿತ್ತು. ಬಿಜೆಪಿ ಅದನ್ನು ಸಾಧನೆ ಅಂತ ಹೇಳಿತು. 2024ಕ್ಕೆ ಕಾಂಗ್ರೆಸ್ ‘ಘೋಷಣೆ ಆಯ್ತು, ದುಡ್ಡೆಲ್ಲಿ?’ ಅಂತ ಕೇಳಿತು.

ಈಗ ಫಲಿತಾಂಶ ನೋಡಿ. ಘೋಷಣೆ ಮಾಡಿದ ಬಿಜೆಪಿ 2023ರಲ್ಲಿ ಇಲ್ಲಿ ಸೋತಿತು. ದುಡ್ಡೆಲ್ಲಿ ಅಂದ ಕಾಂಗ್ರೆಸ್ 2024ರಲ್ಲಿ ಇಲ್ಲೇ ಸೋತಿತು. ನನ್ನ ಊಹೆ ಹೀಗೆ: ಯೋಜನೆ ರಾಜ್ಯದ್ದು, ನೆರವು ಕೇಂದ್ರದ್ದು. ಹಾಗಾಗಿ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು. ತಪ್ಪು ಯಾರದ್ದು ಅಂತ ಒಂದೇ ಮಾತಿನಲ್ಲಿ ಹೇಳಲಾಗದ ಸಮಸ್ಯೆ ಎಷ್ಟೇ ದೊಡ್ಡದಿದ್ದರೂ ವೋಟಾಗುವುದು ಕಷ್ಟ. ಪ್ರತಿ ತಿಂಗಳು ಖಾತೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಯಾರದ್ದು ಅನ್ನೋದರಲ್ಲಿ ಗೊಂದಲವಿಲ್ಲ ಅಲ್ವಾ? ಅದಕ್ಕೇ 2024ರಲ್ಲಿ ಎರಡೂ ಕಡೆಯವರು ‘ಗ್ಯಾರಂಟಿ’ ಎಂಬ ಒಂದೇ ಪದಕ್ಕೆ ಜಗಳವಾಡಿದರು. ಕಾಂಗ್ರೆಸ್ಸಿನದು ಗ್ಯಾರಂಟಿ ಕಾರ್ಡ್, ಬಿಜೆಪಿಯದು ‘ಮೋದಿ ಗ್ಯಾರಂಟಿ’.

1,013 ಮಂದಿ

ಮನವೊಲಿಸುವುದು ಬೇರೆ, ಮತಗಟ್ಟೆಗೆ ಹೊರಡಿಸುವುದು ಬೇರೆ. 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಸಮಾಜಶಾಸ್ತ್ರಜ್ಞ ಲಾಜರ್ಸ್‌ಫೆಲ್ಡ್ ತಂಡ ಮಾಡಿದ ಅಧ್ಯಯನ ನಮ್ಮ ಪಠ್ಯದಲ್ಲಿದೆ. ಪ್ರಚಾರದಿಂದ ಪಕ್ಷ ಬದಲಿಸಿದವರು ಕಡಿಮೆ, ಮೊದಲೇ ಇದ್ದ ಒಲವು ಗಟ್ಟಿಯಾದವರು ಜಾಸ್ತಿ ಅಂತ ಅವರು ಕಂಡುಕೊಂಡರು. ಮಾಧ್ಯಮದ ಮಾತು ನೇರವಾಗಿ ತಲುಪುವುದಕ್ಕಿಂತ ಊರಿನ ನಂಬಿಕಸ್ಥರ ಬಾಯಿಂದ ತಲುಪುತ್ತದೆ ಎಂಬುದೂ ಅದೇ ಅಧ್ಯಯನದ್ದು. ಇಲ್ಲಿ ಆ ನಂಬಿಕಸ್ಥ ಯಾರು? ಹಾಲಿನ ಡೇರಿ ಕಾರ್ಯದರ್ಶಿ, ಅಡಿಕೆ ಖರೀದಿದಾರ, ಸ್ವಸಹಾಯ ಸಂಘದ ಪ್ರತಿನಿಧಿ ಅಕ್ಕ.

ಬಿಜೆಪಿಯ ಪೇಜ್ ಪ್ರಮುಖ್ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಮತದಾರರ ಪಟ್ಟಿಯ ಒಂದು ಪುಟಕ್ಕೆ ಒಬ್ಬ ಕಾರ್ಯಕರ್ತ. ಆ ಪುಟದ ಮನೆಗಳು ಅವನಿಗೆ ಗೊತ್ತಿರಬೇಕು, ಮತದಾನದ ದಿನ ಪಕ್ಷದ ಕಡೆಯವರು ಮನೆಯಲ್ಲೇ ಉಳಿಯದ ಹಾಗೆ ನೋಡಿಕೊಳ್ಳಬೇಕು.

ಇದೆಲ್ಲ ಅತಿಯಾಯಿತು ಅನ್ನುವವರಿಗೆ 2009ರ ದಾವಣಗೆರೆ ಫಲಿತಾಂಶ ತೋರಿಸಿ. ಬಿಜೆಪಿಯ ಜಿ.ಎಂ. ಸಿದ್ದೇಶ್ವರ, ಕಾಂಗ್ರೆಸ್ಸಿನ ಎಸ್.ಎಸ್. ಮಲ್ಲಿಕಾರ್ಜುನ ಇಬ್ಬರಿಗೂ ತಲಾ 4 ಲಕ್ಷಕ್ಕಿಂತ ಜಾಸ್ತಿ ವೋಟು. ಅಂತರ 2,024. ಅಂದರೆ 1,013 ಮಂದಿ ಈ ಕಡೆಯಿಂದ ಆ ಕಡೆಗೆ ಹೋಗಿದ್ದರೆ ಫಲಿತಾಂಶ ತಿರುಗುತ್ತಿತ್ತು. ಹರಪನಹಳ್ಳಿಯಿಂದ ಹೊನ್ನಾಳಿವರೆಗೆ ಹರಡಿರುವ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು ಸಾವಿರ ಜನ!

2019ರಲ್ಲಿ ಅದೇ ಕ್ಷೇತ್ರದಲ್ಲಿ ಕಾಂಗ್ರೆಸ್ ಎಚ್.ಬಿ. ಮಂಜಪ್ಪ ಅವರನ್ನು ನಿಲ್ಲಿಸಿತು, ಸೋಲು 1 ಲಕ್ಷ 69 ಸಾವಿರ ವೋಟಿನಿಂದ. ಅಭ್ಯರ್ಥಿ ಆಯ್ಕೆಯೇ ಕಾರಣ ಅಂತ ಬರೆಯಬೇಡಿ. ಪುಲ್ವಾಮಾ, ಬಾಲಾಕೋಟ್ ಆದ ಮೇಲಿನ ಚುನಾವಣೆ ಅದು, ರಾಜ್ಯದ 28ರಲ್ಲಿ 25 ಬಿಜೆಪಿಗೆ ಹೋಗಿದ್ದವು. ಅಂಥ ಗಾಳಿ ಇದ್ದಾಗ ಪುಟ ಹಂಚಿಕೊಂಡ ಕಾರ್ಯಕರ್ತ ಏನೂ ಮಾಡಲಾರ. ಗಾಳಿ ಇಲ್ಲದಾಗ ಅವನೇ ಎಲ್ಲ.

ಒಳಜಗಳವನ್ನೂ ಮರೆಯಬೇಡಿ. 2024ರಲ್ಲಿ ದಾವಣಗೆರೆಯಲ್ಲಿ ಎರಡೂ ಪಕ್ಷದವರು ಮಹಿಳೆಯರನ್ನು ನಿಲ್ಲಿಸಿದರು: ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. 2009ರ ಎದುರಾಳಿಗಳ ಮನೆಯವರೇ. ಸಿದ್ದೇಶ್ವರ ಅವರ ಕುಟುಂಬಕ್ಕೆ ಟಿಕೆಟ್ ಕೊಟ್ಟಿದ್ದಕ್ಕೆ ಜಿಲ್ಲಾ ಬಿಜೆಪಿಯಲ್ಲಿ ಅಸಮಾಧಾನ ಬೀದಿಗೆ ಬಂತು. ಕಾಂಗ್ರೆಸ್ ಕಡೆ ಟಿಕೆಟ್ ಬಯಸಿದ್ದ ಜಿ.ಬಿ. ವಿನಯ್ ಕುಮಾರ್ ಪಕ್ಷೇತರರಾಗಿ ನಿಂತು 40 ಸಾವಿರಕ್ಕೂ ಜಾಸ್ತಿ ವೋಟು ಪಡೆದರು. ಕಾಂಗ್ರೆಸ್ 26,094ರ ಅಂತರದಿಂದ ಗೆದ್ದಿತು. ಬಂಡಾಯದ ವೋಟು ಗೆಲುವಿನ ಅಂತರಕ್ಕಿಂತ ಜಾಸ್ತಿ, ಆದರೂ ಗೆದ್ದರು. ಆ ವೋಟು ಯಾವ ಡಬ್ಬಿಯಿಂದ ಬಂತು ಎಂಬುದರ ಬಗ್ಗೆ ನಮ್ಮ ಗುಂಪಿನಲ್ಲಿ ಇನ್ನೂ ಜಗಳ ನಡೆದಿದೆ.

ಮಠ, ಮೀಸಲು

ಇದನ್ನು ಬೇಗ ಹೇಳಿಬಿಡುತ್ತೇನೆ. ಸಿರಿಗೆರೆ ಮಠ, ಹರಿಹರದ ಪಂಚಮಸಾಲಿ ಪೀಠ, ರಾಜನಹಳ್ಳಿಯ ವಾಲ್ಮೀಕಿ ಪೀಠ, ಚಿತ್ರದುರ್ಗದ ಮಾದಾರ, ಭೋವಿ, ಯಾದವ ಪೀಠಗಳು ಎಲ್ಲ ಈ ಎರಡು ಜಿಲ್ಲೆಯೊಳಗೇ ಇವೆ. ನಾಮಪತ್ರದ ಹಿಂದೆಮುಂದೆ ಅಭ್ಯರ್ಥಿಗಳು ಇಲ್ಲಿಗೆಲ್ಲ ಹೋಗುವುದು ಆಶೀರ್ವಾದಕ್ಕೆ, ಜೊತೆಗೆ ಆ ಫೋಟೋಕ್ಕೆ. ಫೋಟೋ ನೋಡಿದ ಸಮುದಾಯದವರಿಗೆ ‘ನಮ್ಮನ್ನು ಲೆಕ್ಕಕ್ಕೆ ಇಟ್ಟಿದ್ದಾರೆ’ ಅನ್ನಿಸಬೇಕು.

ಚಿತ್ರದುರ್ಗ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಆದ್ದರಿಂದ ‘ನಮ್ಮವನು ನಿಂತಿದ್ದಾನೆ’ ಅನ್ನೋ ಮಾತು ಬಹುತೇಕ ಸಮುದಾಯಗಳಿಗೆ ಅಲ್ಲಿ ಇಲ್ಲ. ಪರಿಶಿಷ್ಟರೊಳಗೆ ಎಡಗೈ-ಬಲಗೈ ಎಂಬ ಎರಡು ಗುಂಪುಗಳ ಲೆಕ್ಕ ನಡೆಯುತ್ತದೆ. ಉಳಿದ ಸಮುದಾಯಗಳನ್ನು ಪಕ್ಷ ಮತ್ತು ಪ್ರಧಾನಿಯ ಹೆಸರಿನಲ್ಲಿ ಸೆಳೆಯಬೇಕು. ಮೀಸಲು ಕ್ಷೇತ್ರದಲ್ಲಿ ರಾಷ್ಟ್ರೀಯ ಪ್ರಶ್ನೆ ಸುಲಭವಾಗಿ ಕೂರಲು ಇದೂ ಒಂದು ಕಾರಣ ಇರಬಹುದು.

ದುಡ್ಡು ಮತ್ತು ದಿನಾಂಕ

ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 95 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಇದೇ ದೊಡ್ಡ ಕಿಂಡಿ. 1951ರ ಜನಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, ಮಾನ್ಯತೆ ಪಡೆದ ಪಕ್ಷದ 40 ಸ್ಟಾರ್ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಭ್ಯರ್ಥಿ ಅದೇ ವೇದಿಕೆ ಹತ್ತಿದರೆ ಸಭೆಯ ಖರ್ಚಿನಲ್ಲಿ ಪಾಲು ಬೀಳುತ್ತದೆ. ಸುತ್ತಲಿನ ನಾಲ್ಕೈದು ಕ್ಷೇತ್ರದ ಅಭ್ಯರ್ಥಿಗಳನ್ನು ಒಟ್ಟಿಗೆ ನಿಲ್ಲಿಸಿದರೆ ಆ ಪಾಲು ಹಂಚಿಹೋಗುತ್ತದೆ. ಅದಕ್ಕೆ ನಮ್ಮೂರು ಹೇಳಿ ಮಾಡಿಸಿದ ಜಾಗ. ರಾಜ್ಯದ ನಡುಮಧ್ಯ, ಹೆದ್ದಾರಿ ಇದೆ, ರೈಲಿದೆ, ಯಾವ ದಿಕ್ಕಿನಿಂದ ಬೇಕಾದರೂ ಬಸ್ಸು ತುಂಬಿಸಿಕೊಂಡು ಬಂದು ರಾತ್ರಿಗೆ ಊರು ಸೇರಬಹುದು. 2022ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಅವರ 75ರ ಹುಟ್ಟುಹಬ್ಬ, 2023ರ ಮಾರ್ಚ್‌ನಲ್ಲಿ ಬಿಜೆಪಿಯ ಮಹಾಸಂಗಮ, ಎರಡೂ ಇಲ್ಲೇ ಆದವು.

ಇನ್ನು ದಿನಾಂಕ. ಅದೇ ಕಾಯ್ದೆಯ ಸೆಕ್ಷನ್ 126 ಪ್ರಕಾರ ಮತದಾನ ಮುಗಿಯುವ ಮುಂಚಿನ 48 ಗಂಟೆ ಆ ಪ್ರದೇಶದಲ್ಲಿ ಬಹಿರಂಗ ಸಭೆ ಇಲ್ಲ. ಆದರೆ 2024ರಲ್ಲಿ ಚಿತ್ರದುರ್ಗ ಏಪ್ರಿಲ್ 26ಕ್ಕೆ ಮತ ಹಾಕಿತು, ಅರವತ್ತು ಕಿಲೋಮೀಟರ್ ದೂರದ ದಾವಣಗೆರೆ ಮೇ 7ಕ್ಕೆ. ಚಿತ್ರದುರ್ಗದಲ್ಲಿ ಮೈಕ್ ಬಂದ್ ಆದ ದಿನ ಇಲ್ಲಿ ಮೈಕ್ ಕಟ್ಟುತ್ತಿದ್ದರು. ಇಲ್ಲಿನ ಭಾಷಣ ಅಲ್ಲಿನ ಟಿವಿಯಲ್ಲೂ ಮೊಬೈಲ್‌ನಲ್ಲೂ ಬರುತ್ತಲೇ ಇತ್ತು. ದಕ್ಷಿಣದ 14 ಕ್ಷೇತ್ರಗಳ ಮತದಾನ ಮುಗಿದ ಎರಡನೇ ದಿನಕ್ಕೆ, ಏಪ್ರಿಲ್ 28ರಂದು, ಮೋದಿ ದಾವಣಗೆರೆಯಲ್ಲಿ ಭಾಷಣ ಮಾಡಿದರು. ಚಿತ್ರದುರ್ಗದ ನನ್ನ ಗೆಳೆಯ ಬೆರಳಿನ ಶಾಯಿ ತೋರಿಸುತ್ತಾ ಆ ಸಭೆ ನೋಡಲು ಬಸ್ಸು ಹತ್ತಿ ಬಂದಿದ್ದ. ‘ನನ್ನ ಪರೀಕ್ಷೆ ಮುಗೀತು, ನಿಮ್ದು ನೋಡೋಕೆ ಬಂದೆ’ ಅಂದ.